ಸಾವಿನ ಮನೆಯಲ್ಲಿ ಒಲೆ

ನನ್ನ ತಂಗಿ ಸುಜಾತಾಳ ಗಂಡ ಧರ್ಮೇಂದ್ರನ ಕಿಡ್ನಿಯಲ್ಲಿ ಕಲ್ಲಿದೆ ಅನ್ನುವುದು 2008ರ ಬೇಸಿಗೆಯಲ್ಲಿ ಕಲ್ಯಾಣದುರ್ಗದ ಅವನ ನೆಂಟರಿಷ್ಟರಿಗೆಲ್ಲ ಗೊತ್ತಿತ್ತು. ಅಸಲಿಗೆ ಕಲ್ಲೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಹಿಂದೂಪುರಕ್ಕೆ ಹುಣಸೆಹಣ್ಣು ಮಾರಲು ಬಂದಿದ್ದ ನೆಂಟರೊಬ್ಬರು ಗಂಡ ಹೆಂಡತಿ ಇಬ್ಬರನ್ನೂ ಆಸ್ಪತ್ರೆಯ ಬಾಗಿಲಲ್ಲಿ ನೋಡಿಬಿಟ್ಟರು. ಏನಪ್ಪ ವಿಷಯ ಎಂದದ್ದಕ್ಕೆ ಧರ್ಮೇಂದ್ರನ ಬಾಯಿಗೆ ಬಂದದ್ದು ಕಿಡ್ನಿ ಕಲ್ಲು. ನಮ್ಮ ಕಡೆ ಕಿಡ್ನಿ ಕಲ್ಲಿಗೆ ಮರ್ಯಾದೆ ಇದೆ, ಯಾರೂ ಮೇಲೊಂದು ಪ್ರಶ್ನೆ ಕೇಳುವುದಿಲ್ಲ.

ಅವರು ಹೋಗುತ್ತಿದ್ದದ್ದು ಮಗುವಿಗಾಗಿ. ಸುಜಾತಾಳ ಗರ್ಭನಾಳಗಳೆರಡೂ ಮುಚ್ಚಿಹೋಗಿದ್ದವು. ಹೆಣ್ಣಿನ ಅಂಡ, ಗಂಡಿನ ಬೀಜ ಒಳಗೆ ಎಂದಿಗೂ ಸೇರುವಂತಿರಲಿಲ್ಲ. ಹಾಗಾದರೆ ಹೊರಗೆ ಸೇರಿಸೋಣ ಎಂದರು ಡಾಕ್ಟರಮ್ಮ. ಗಾಜಿನ ತಟ್ಟೆಯಲ್ಲಿ ಹುಟ್ಟಿದ ಮಗು ಯಾರದೋ ಏನೋ ಎಂದು ಊರವರು ಆಡಿಕೊಳ್ಳುತ್ತಾರೆ ಎಂಬ ಹೆದರಿಕೆ ನನ್ನ ತಂಗಿಗೆ. ಯಾರಿಗೂ ಹೇಳಬಾರದು ಎಂದು ನನ್ನ ಕೈಯಲ್ಲೂ ಆಣೆ ಹಾಕಿಸಿಕೊಂಡಳು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾಗದೆ ನಮ್ಮ ಬಾಯಿಗೇ ಹಾಕಿಕೊಳ್ಳುವ ಈ ಪದ್ಧತಿ ನನಗೆ ಮೊದಲಿನಿಂದಲೂ ಆಗದು. ಆದರೂ ಜೀಪು ನನ್ನದು, ತಂಗಿಯೂ ನನ್ನವಳು, ಸುಮ್ಮನೆ ಕರೆದುಕೊಂಡು ಹೋಗಿ ಬರುತ್ತಿದ್ದೆ.

ಕೆಲಸ ನಡೆಯುವ ಬಗೆ ಹೀಗೆ. ತಿಂಗಳಿಗೊಂದು ಅಂಡ ಹಣ್ಣಾಗುವುದು ಸೃಷ್ಟಿನಿಯಮ. ಒಂದು ಸಾಲದೆಂದು, ಒಟ್ಟಿಗೆ ಹತ್ತಾರು ಹಣ್ಣಾಗಲಿ ಎಂದು ದಿನವೂ ಹೊಟ್ಟೆಗೆ ಸೂಜಿ ಚುಚ್ಚುತ್ತಾರೆ. ಹೊಟ್ಟೆ ಉಬ್ಬುತ್ತದೆ, ತಲೆ ಸಿಡಿಯುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ. ನಡುನಡುವೆ ಸ್ಕ್ಯಾನಿಂಗ್. ಹದಕ್ಕೆ ಬಂದವು ಅನ್ನಿಸಿದಾಗ ಕೊನೆಯದೊಂದು ಇಂಜೆಕ್ಷನ್. ಅದು ಬಿದ್ದ ಮೇಲೆ ಒಂದೂವರೆ ದಿನಕ್ಕೆ ಸರಿಯಾಗಿ ಅಂಡಗಳನ್ನು ಸೂಜಿಯಿಂದ ಹೀರಿ ತೆಗೆಯಬೇಕು, ತಡವಾದರೆ ಅವು ಹೊಟ್ಟೆಯೊಳಗೇ ಜಾರಿ ಕಳೆದುಹೋಗುತ್ತವೆ. ಅದೇ ಹೊತ್ತಿಗೆ ಗಂಡನೂ ಆಸ್ಪತ್ರೆಯಲ್ಲಿದ್ದು ತನ್ನ ಪಾಲು ಕೊಡಬೇಕು. ಮುಂಚೆಯೇ ತೆಗೆದು ತಣ್ಣಗೆ ಇಟ್ಟುಕೊಳ್ಳುವ ಮಿಷನ್ನು ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಲ್ಯಾಬಿನವರೂ ಬೆಂಗಳೂರಿನಿಂದ ಬರಬೇಕಿತ್ತು. ಹಾಗಾಗಿ ಏಳೆಂಟು ಹೆಂಗಸರನ್ನು ಒಂದು ಬ್ಯಾಚ್ ಮಾಡಿ, ಎಲ್ಲರಿಗೂ ಒಂದೇ ದಿನ ಗೊತ್ತುಮಾಡುತ್ತಿದ್ದರು. ದಿನ ಮುಂದಕ್ಕೆ ಹಾಕಿ ಎಂದು ಕೇಳುವಂತೆಯೇ ಇರಲಿಲ್ಲ.

ಸುಜಾತಾಳಿಗೆ ರಾತ್ರಿ ಆ ಕೊನೆಯ ಇಂಜೆಕ್ಷನ್ ಕೊಡಿಸಿಕೊಂಡು ಬಂದ ಮರುದಿನ ಬೆಳಿಗ್ಗೆ ಕಲ್ಯಾಣದುರ್ಗದಿಂದ ಫೋನ್ ಬಂತು. ಧರ್ಮೇಂದ್ರನ ದೊಡ್ಡಪ್ಪ ಪೋತಪ್ಪ ತೀರಿಕೊಂಡಿದ್ದರು.

ಪೋತಪ್ಪನಿಗೆ ಮಕ್ಕಳಿರಲಿಲ್ಲ. ತಮ್ಮನ ಮಗ ಧರ್ಮೇಂದ್ರನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಹೆಂಡತಿ ಮುನೆಮ್ಮನನ್ನು ಬಂಜೆ ಎಂದು ಬೀದಿಯೆಲ್ಲ ಅಂದಾಗಲೂ ಇನ್ನೊಂದು ಮದುವೆಗೆ ಒಪ್ಪದವರು. ಅವರಿಗೆ ಕೊಳ್ಳಿ ಇಡಬೇಕಾದವನು ಧರ್ಮೇಂದ್ರನೇ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಸುಜಾತಾಳನ್ನು ಹಿಂದೂಪುರದ ನಮ್ಮ ಮನೆಯಲ್ಲಿ ನನ್ನ ಹೆಂಡತಿಯ ಹತ್ತಿರ ಬಿಟ್ಟು ನಾವಿಬ್ಬರೂ ಜೀಪು ಹತ್ತಿದೆವು. ಸಂಜೆಯೊಳಗೆ ಮುಗಿದರೆ ವಾಪಸ್ಸು ಬಂದುಬಿಡಬಹುದು ಎಂದುಕೊಂಡಿದ್ದೆವು.

ಅಲ್ಲಿ ಹೋದರೆ ಸಂಜೆಯ ಮಾತೇ ಇಲ್ಲ. ಪೋತಪ್ಪನ ತಂಗಿ ಬಳ್ಳಾರಿ ಕಡೆಯಿಂದ ಬರಬೇಕು, ಅವಳು ಅಣ್ಣನ ಮುಖ ನೋಡಿದ ಮೇಲೆ, ಮರುದಿನ ಬೆಳಿಗ್ಗೆ ಹೆಣ ಎತ್ತುವುದು ಎಂದು ದಾಯಾದಿಗಳಲ್ಲಿ ಹಿರಿಯನಾದ ಸುಬ್ಬರಾಯಪ್ಪ ತೀರ್ಮಾನ ಮಾಡಿದ್ದ. ಧರ್ಮೇಂದ್ರನ ಮುಖ ಬಿಳಿಚಿಕೊಂಡಿತು. ಆಸ್ಪತ್ರೆಯವರು ಕರೆದಿದ್ದದ್ದೂ ಆ ಬೆಳಿಗ್ಗೆಯೇ.

"ನಾಳೆ ನಾನು ಹಿಂದೂಪುರದಾಗೆ ಇರ್ಲೇಬೇಕು. ಹೋಗಿ ಮಧ್ಯಾಹ್ನದ ಮೇಲೆ ಬಂದ್ಬುಡ್ತೀನಿ," ಎಂದ.

"ಯಾಕ್ಲಾ?"

"ಆಸ್ಪತ್ರೆಗೆ."

"ಆ ಕಲ್ಲಿಗಾ?" ಸುಬ್ಬರಾಯಪ್ಪ ಕೇಳಿದ. "ರಾಯಿ ಯಾಡಿಕಿ ಪೋತಾದಿರಾ? ಕಲ್ಲು ಎಲ್ಲಿಗೂ ಓಡೋಗಲ್ಲ ಕಣಪ್ಪ. ಬಾಳೆದಿಂಡಿನ ರಸ ಕುಡಿ, ತಾನೇ ಬಿದ್ದೋಯ್ತದೆ. ದೊಡ್ಡಪ್ಪ ಇನ್ನೊಂದ್ಸಲ ಸಾಯ್ತಾನಾ?"

ಸುತ್ತ ಕೂತಿದ್ದವರೆಲ್ಲ ಹೌದೌದು ಎಂದರು. ಒಬ್ಬ ಯಾರಿಗೋ ಕಲ್ಲು ಬಿದ್ದ ಕಥೆಯನ್ನೂ ಶುರುಮಾಡಿದ. ನನಗೆ ಮೈಯೆಲ್ಲ ಉರಿಯಿತು. ನಿಜ ಹೇಳಿ ಎಲ್ಲರ ಬಾಯಿ ಮುಚ್ಚಿಸಬೇಕು ಅನ್ನಿಸಿತು, ಆಣೆ ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಅಲ್ಲಿ ಹಿಂದೂಪುರದಲ್ಲಿ ತಂಗಿ ಉಬ್ಬಿದ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ಇವನು ಹೋಗದಿದ್ದರೆ ಅಷ್ಟು ದಿನ ಚುಚ್ಚಿಸಿಕೊಂಡದ್ದೆಲ್ಲ ನೀರಿನಲ್ಲಿ ಹೋಮ. ಹೋದರೆ, ಸಾಕಿದವನಿಗೆ ಕೊಳ್ಳಿ ಇಡದೆ ಓಡಿಹೋದವನು ಎಂಬ ಮಾತು ಅವನು ಸಾಯುವವರೆಗೂ ತಪ್ಪದು.

ಧರ್ಮೇಂದ್ರ ಎದ್ದು, ಹೆಣದ ಪಕ್ಕ ಕೂತಿದ್ದ ಮುನೆಮ್ಮನ ಹತ್ತಿರ ಹೋದ. ಮಂಡಿಯೂರಿ ಅವಳ ಕಿವಿಯಲ್ಲಿ ಏನೋ ಹೇಳತೊಡಗಿದ. ತುಂಬ ಹೊತ್ತು ಹೇಳಿದ. ಹೇಳುತ್ತ ಹೇಳುತ್ತ ಅತ್ತ. ಮುನೆಮ್ಮ ನಡುವೆ ಒಮ್ಮೆ ಮಾತ್ರ, "ನಾಳೇನೇ ಆಗ್ಬೇಕಾ?" ಎಂದಳು. ಅವನು ತಲೆಯಾಡಿಸಿದ.

ಮುನೆಮ್ಮ ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು. "ಅವನು ಹೋಗಿ ಬತ್ತಾನೆ. ಅವನು ಬರೋಗಂಟ ಹೆಣ ಎತ್ತಂಗಿಲ್ಲ."

"ಏನ್ ಮಾತು ಅಂತ ಆಡ್ತೀಯ ಮುನೆಮ್ಮ?" ಸುಬ್ಬರಾಯಪ್ಪ ರೇಗಿದ. "ಹೆಣ ಇರೋಗಂಟ ದಾಯಾದಿಗಳ ಮನೇಲಿ ಒಲೆ ಹತ್ತಂಗಿಲ್ಲ. ನಾಳೆ ಹೊತ್ತು ಮುಳುಗೋವರ್ಗೂ ಹುಡುಗ್ರೆಲ್ಲ ಉಪವಾಸ ಸಾಯ್ಬೇಕಾ? ಇವನಿಗೆ ಅವಸರ ಇದ್ರೆ ರಾಮಾಂಜಿ ಇಡ್ಲಿ ಕೊಳ್ಳಿ. ಅವನೂ ತಮ್ಮನ ಮಗನೇ."

"ಮಗ ಬೇಕು ಅಂತ ನನ್ ಗಂಡ ಜೀವಮಾನವೆಲ್ಲ ಕಾದ. ಇನ್ನೊಂದೊತ್ತು ಕಾಯ್ತಾನೆ, ನಿನಗೇನು?"

ಆಮೇಲೆ ಅವಳು ಮಾಡಿದ್ದನ್ನು ಕಲ್ಯಾಣದುರ್ಗದಲ್ಲಿ ಈಗಲೂ ಹೇಳುತ್ತಾರೆ, ಮೆಚ್ಚಿ ಅಲ್ಲ. ಹೆಣ ಇನ್ನೂ ನಡುಮನೆಯಲ್ಲಿರುವಾಗಲೇ, ಕೈಯಲ್ಲಿ ಬಳೆ ಇನ್ನೂ ಇರುವಾಗಲೇ, ಎದ್ದು ಹಿತ್ತಲಿಗೆ ಹೋಗಿ ದೊಡ್ಡ ಒಲೆಗೆ ಸೌದೆ ತುರುಕಿ ಕಡ್ಡಿ ಗೀರಿದಳು. ಪಾತ್ರೆಯಿಟ್ಟು ನೀರು ಸುರಿದಳು. ಹೆಂಗಸರು ಅಯ್ಯಯ್ಯೋ ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಪಾಪ ಬಂದ್ರೆ ನನಗೆ ಬರ್ಲಿ, ನಿಮ್ ಹುಡುಗ್ರನ್ನ ಕಳಿಸ್ರಿ," ಎಂದು ಹೊಗೆಯೊಳಗಿನಿಂದಲೇ ಕೂಗಿದಳು. ಮೊದಲು ಯಾರೂ ಕಳಿಸಲಿಲ್ಲ. ಅನ್ನ ಬೆಂದ ವಾಸನೆ ಬಂದ ಮೇಲೆ ಹುಡುಗರನ್ನು ಯಾರೂ ಕಳಿಸಬೇಕಾಗಲಿಲ್ಲ.

ಆ ರಾತ್ರಿಯೇ ನಾವು ಹಿಂದೂಪುರಕ್ಕೆ ಹೊರಟೆವು.

ಬೆಳಿಗ್ಗೆ ಬ್ಯಾಚಿನ ಹೆಂಗಸರೆಲ್ಲ ಹಸಿರು ಗೌನು ತೊಟ್ಟು ಸಾಲಾಗಿ ಕೂತಿದ್ದರು. ಸುಜಾತಾಳನ್ನು ಒಳಗೆ ಕರೆದೊಯ್ದು ಮಂಪರು ಬರಿಸಿ ಅಂಡಗಳನ್ನು ತೆಗೆದರು. ಧರ್ಮೇಂದ್ರನ ಕೈಗೆ ಒಂದು ಪುಟ್ಟ ಡಬ್ಬಿ ಕೊಟ್ಟು ಬಾತ್‌ರೂಮು ತೋರಿಸಿದರು. ಅತ್ತು ಕಣ್ಣು ಊದಿದ್ದ ಅವನು, ಮನೆಯಲ್ಲಿ ಹೆಣ ಇಟ್ಟುಕೊಂಡು ಆ ಡಬ್ಬಿ ಹಿಡಿದು ಒಳಗೆ ಹೋದನಲ್ಲ, ಅವನ ಬಗ್ಗೆ ಆವತ್ತು ಮರುಕಪಟ್ಟಷ್ಟು ನಾನು ಯಾರ ಬಗ್ಗೆಯೂ ಪಟ್ಟಿಲ್ಲ. ತಡವಾಯಿತು, ಆದರೂ ಹೊರಗೆ ಬಂದ. ಸುಜಾತಾ ಕಣ್ಣು ಬಿಡುವ ಮೊದಲೇ ನಾವು ಮತ್ತೆ ಜೀಪಿನಲ್ಲಿದ್ದೆವು.

ಹೊತ್ತು ಮುಳುಗುವ ಮುಂಚೆ ಧರ್ಮೇಂದ್ರ ದೊಡ್ಡಪ್ಪನಿಗೆ ಕೊಳ್ಳಿ ಇಟ್ಟ. ಸುಬ್ಬರಾಯಪ್ಪ ಮುಖ ತಿರುಗಿಸಿಕೊಂಡೇ ನಿಂತಿದ್ದ.

ಮರುದಿನ ಆಸ್ಪತ್ರೆಯಿಂದ ಫೋನ್ ಬಂತು. ಮೂರು ಅಂಡಗಳು ಬೀಜ ಕೂಡಿ ಭ್ರೂಣವಾಗುತ್ತಿವೆ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ ಎಂದರು. ಮುನೆಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದೆ. "ಜೀವ ಐತಂತಾ?" ಎಂದು ಕೇಳಿದಳು. ಐತಂತೆ ಎಂದೆ. ಆಮೇಲೆ ಎರಡನ್ನು ಸಣ್ಣ ಕೊಳವೆಯಲ್ಲಿ ಸುಜಾತಾಳ ಗರ್ಭಕ್ಕೆ ಬಿಟ್ಟರು. ಅದಕ್ಕೆ ನೋವಿಲ್ಲ, ಅರಿವಳಿಕೆ ಬೇಡ. ನೋವಿರುವುದು ಆಮೇಲಿನ ಎರಡು ವಾರದಲ್ಲಿ. ಕೆಮ್ಮಲು ಹೆದರಿಕೆ, ಕೂರಲು ಹೆದರಿಕೆ. ಗರ್ಭ ನಿಲ್ಲುವುದಕ್ಕಿಂತ ನಿಲ್ಲದೆ ಹೋಗುವುದೇ ಹೆಚ್ಚು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಎಲ್ಲರಿಗೂ ಹಾಗೇ ಹೇಳುತ್ತಾರೆ, ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ರಕ್ತ ಪರೀಕ್ಷೆಯಲ್ಲಿ ಇಲ್ಲ ಎಂದು ಬಂತು.

ಸುಜಾತಾ ಊಟ ಬಿಟ್ಟಳು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳೇಕೆ ಹೇಳಲಿ. ಮೂರನೆಯ ದಿನ ಮುನೆಮ್ಮ ಯಾರಿಗೂ ಹೇಳದೆ ಬಸ್ಸು ಹತ್ತಿ ಹಿಂದೂಪುರಕ್ಕೆ ಬಂದಳು. ಗಂಡ ಸತ್ತು ತಿಂಗಳೂ ಆಗಿರಲಿಲ್ಲ, ಬಳೆಯಿಲ್ಲದ ಬರಿಗೈ. ಸುಜಾತಾ ಅವಳ ಕಾಲು ಹಿಡಿದುಕೊಂಡು ಅತ್ತಳು.

"ಏನೂ ಉಳೀಲಿಲ್ಲ ಅತ್ತೆ. ಮಾವನ್ನ ಸುಮ್ಮನೆ ಕಾಯಿಸ್ಬುಟ್ವಿ."

"ಯಾಕಮ್ಮ ಸುಮ್ಮನೆ?" ಮುನೆಮ್ಮ ಅವಳ ತಲೆ ಸವರಿದಳು. "ಅವರು ಕಾದಿದ್ದು ನಿನ್ ಗಂಡನಿಗೆ. ಬಂದ್ನಲ್ಲ."

ಸುಜಾತಾ ಅಳು ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಧರ್ಮೇಂದ್ರ ಗೋಡೆಯ ಕಡೆ ತಿರುಗಿಕೊಂಡ.