ಹಿಂದಿನ ಗೋಡೆಯಿಂದ ಏಳು ಹೆಜ್ಜೆ

ಜಲಪಾತವನ್ನೂ ಅದರ ಮೇಲಿನ ಪಾಳು ಊರನ್ನೂ ತೋರಿಸಿಕೊಂಡು ಬರಲು ನಾವು ಕೇಳುವ ದುಡ್ಡು ಜಾಸ್ತಿಯಾಯಿತು ಎನ್ನುವವರಿಗೆ ನಾನು ಹೀಗೆ ಬಿಡಿಸಿ ಹೇಳುತ್ತೇನೆ. ನೀವು ನೂರು ಕೊಟ್ಟರೆ ಮೂವತ್ತೈದು ವ್ಯಾನಿನ ಹೊಟ್ಟೆಗೆ. ಇಪ್ಪತ್ತು ಕಾಡಿನ ಗೇಟಿನಲ್ಲಿ ಟಿಕೆಟ್ಟಿಗೆ. ಹದಿನೈದು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣಿಗೆ. ಹತ್ತು ಹಗ್ಗಕ್ಕೆ, ಔಷಧದ ಡಬ್ಬಿಗೆ, ಪ್ರತಿ ಸಲವೂ ಯಾರಾದರೊಬ್ಬರ ಚಪ್ಪಲಿ ಕಿತ್ತುಹೋಗುವುದರಿಂದ ನಾವು ಹೊತ್ತೊಯ್ಯುವ ಹಳೇ ಬೂಟುಗಳಿಗೆ. ಉಳಿದ ಇಪ್ಪತ್ತರಲ್ಲಿ ನಾನು ಮತ್ತು ನನ್ನ ತಮ್ಮ. ಒಂದೂವರೆ ಗಂಟೆಯ ನಿಯಮಕ್ಕೆ ಮಾತ್ರ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ. ಅದು ಪುಕ್ಕಟೆ.

ನಿಯಮ ಇಷ್ಟೇ. ಮಧ್ಯಾಹ್ನ ಒಂದೂವರೆ ಆಯಿತೆಂದರೆ ಎಲ್ಲಿದ್ದರೂ ಸರಿ, ಅಲ್ಲಿಂದ ಹಿಂದಕ್ಕೆ. ಜಲಪಾತದ ಕೆಳಗೆ ಹಳ್ಳವೊಂದನ್ನು ದಾಟಬೇಕು. ಬೆಳಿಗ್ಗೆ ಅದು ಮೊಣಕಾಲುದ್ದ. ಮೇಲೆ ಎಲ್ಲೋ ನಮ್ಮ ಕಣ್ಣಿಗೆ ಕಾಣದ ಕಡೆ ಮಳೆಯಾದರೆ ಸಂಜೆ ಹೊತ್ತಿಗೆ ಎದೆಯುದ್ದ. ಹನ್ನೊಂದು ವರ್ಷದ ಹಿಂದೆ ಒಮ್ಮೆ ಎರಡೂಮುಕ್ಕಾಲಿಗೆ ತಿರುಗಿದೆವು. ಹಳ್ಳ ಒಬ್ಬ ಗಂಡಸನ್ನು ನಲವತ್ತು ಅಡಿ ಎಳೆದುಕೊಂಡು ಹೋಗಿ ಬಂಡೆಗೆ ಹಾಕಿತು. ಬದುಕಿದ, ಆದರೆ ಇವತ್ತಿಗೂ ಕೋಲು ಹಿಡಿದೇ ನಡೆಯುತ್ತಾನೆ. ಅಂದಿನಿಂದ ಒಂದೂವರೆ ಅಂದರೆ ಒಂದೂವರೆ.

ಇನ್ನೊಂದು ನಿಯಮವೂ ಇದೆ, ಈ ಕಸುಬಿನವರಿಗೆಲ್ಲ ಗೊತ್ತಿರುವಂಥದ್ದು. ನಿಧಾನವಾಗಿ ನಡೆಯುವವರು ಸಾಲಿನ ಮುಂದೆ ಇರಬೇಕು. ಅವರ ಕಾಲಿಗೆ ಎಲ್ಲರ ಕಾಲೂ ಹೊಂದಿಕೊಳ್ಳುತ್ತದೆ, ಅವರ ನೋವು ನನ್ನ ಕಣ್ಣಿಗೆ ಬೀಳುತ್ತದೆ. ಅವರನ್ನು ಹಿಂದೆ ಬಿಟ್ಟರೆ ಹಿಂದೆಯೇ ಉಳಿಯುತ್ತಾರೆ.

ನಮ್ಮ ಆಫೀಸು ಎಂದರೆ ಒಂದು ಮೆಟ್ಟಿಲಿನ ಕೆಳಗಿನ ಜಾಗ. ಪಕ್ಕದಲ್ಲಿ ಸೈಕಲ್ ರಿಪೇರಿ ಅಂಗಡಿ. ಮೇಜಿನ ಹಿಂದೆ ನಾನು ಎದ್ದು ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತದೆ, ಆದ್ದರಿಂದ ಯಾರಿಗೂ ಎದ್ದು ಮರ್ಯಾದೆ ಕೊಡುವುದಿಲ್ಲ. ಒಂದು ಬೇಸಿಗೆಯ ಕೊನೆಯಲ್ಲಿ, ಬೆಳಿಗ್ಗೆ, ಇಬ್ಬರು ವಯಸ್ಸಾದ ಹೆಂಗಸರು ಬಂದರು. ಓರಗಿತ್ತಿಯರು, ಅಣ್ಣತಮ್ಮಂದಿರನ್ನು ಮದುವೆಯಾದವರು. ಗಂಡಂದಿರಿಬ್ಬರೂ ಹೋಗಿ ವರ್ಷಗಳಾಗಿದ್ದವು, ಇವರು ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಇದ್ದರು. ಹಿರಿಯಾಕೆ ಒಣಕಡ್ಡಿ, ಮಾತು ಕಡಿಮೆ. ಕಿರಿಯಾಕೆ ದಪ್ಪ, ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೇನೋ ಎಂಬಂಥವರು.

ಹಿರಿಯಾಕೆ ಗೋಡೆಯ ಮೇಲಿನ ಫೋಟೋ ಹತ್ತಿರ ಹೋಗಿ ನಿಂತರು. ಪಾಳು ಊರಿನ ಕಮಾನು, ಕಂಬಗಳು ಇರುವ ಫೋಟೋ.

"ಇದ್ರಲ್ಲಿ ಹಿಂದಿನ ಗೋಡೆ ಕಾಣಲ್ವಲ್ಲಮ್ಮ."

"ಹಿಂದೆ ನೋಡೋಕೆ ಏನೂ ಇಲ್ಲಮ್ಮ. ಮುಳ್ಳುಗಿಡ ಅಷ್ಟೆ."

"ಇದೆ" ಎಂದರು.

ಕಿರಿಯಾಕೆ ನನ್ನ ಕಡೆ ಬಾಗಿದರು. "ಆ ಗೋಡೆ ರಿಪೇರಿ ಮಾಡಿದ್ದೇ ಇವರು ಕಣಮ್ಮ. ನಮ್ಮ ಭಾವ ಕಲ್ಲು ಕೆಲಸ, ಅಕ್ಕ ಗಾರೆ ಹೊರೋದು. ಎರಡು ವರ್ಷ ಅಲ್ಲೇ ಶೆಡ್ಡಲ್ಲಿ ಇದ್ರು. ಮೊದಲನೇ ಮಗು ಅಲ್ಲೇ ಹೋಯ್ತು. ಎಂಟು ತಿಂಗಳು. ಹೆಣ್ಣು."

"ಎಲ್ಲರಿಗೂ ಸಾರಿಕೊಂಡು ಬಾ, ಹೋಗು" ಎಂದರು ಹಿರಿಯಾಕೆ, ಫೋಟೋದಿಂದ ಕಣ್ಣು ತೆಗೆಯದೆ.

"ಸಾರದೆ ಹೋದ್ರೆ ಇವರಿಗೆ ಹೇಗೆ ಗೊತ್ತಾಗತ್ತೆ? ನೀನು ಬಾಯಿ ಬಿಟ್ಟು ಹೇಳ್ತೀಯಾ? ನಲವತ್ತೇಳು ವರ್ಷ ಆಯ್ತು ಒಂದು ಸಲ ಹೋಗಬೇಕು ಹೋಗಬೇಕು ಅಂತ. ಮೊದಲು ಮಕ್ಕಳು ಚಿಕ್ಕವರು. ಆಮೇಲೆ ಭಾವನಿಗೆ ಕಾಯಿಲೆ. ಆಮೇಲೆ ನನ್ನ ಮೊಣಕಾಲು..."

"ನಿನ್ನ ಮೊಣಕಾಲು ಬರೋದು ಬೇಡ. ನಾನು ಒಬ್ಬಳೇ ಹೋಗ್ತೀನಿ."

"ಹೋಗ್ತಾಳಂತೆ ಒಬ್ಬಳೇ! ಬೀದಿ ಕೊನೆಗೆ ಹಾಲು ತರೋಕೆ ಹೋಗಿ ದಾರಿ ತಪ್ಪಿಸಿಕೊಂಡವಳು!"

ಮಗುವಿಗೆ ಸಂಜೆ ಜ್ವರ ಬಂದಿತ್ತಂತೆ. ಕೆಳಗಿಳಿಯಲು ಅರ್ಧ ದಿನ. ಕತ್ತಲಲ್ಲಿ ಇಳಿಯಬೇಡಿ, ಬೆಳಿಗ್ಗೆ ಹೋಗಿ ಎಂದನಂತೆ ಕೆಲಸದ ಮೇಸ್ತ್ರಿ. ಬೆಳಗಾಗುವಷ್ಟರಲ್ಲಿ ಹೋಗುವ ಅಗತ್ಯ ಉಳಿಯಲಿಲ್ಲ. ಗೋಡೆಯ ಹಿಂದೆಯೇ ಮಣ್ಣು ಮಾಡಿದರು. ಇಷ್ಟನ್ನೂ ಕಿರಿಯಾಕೆಯೇ ಹೇಳಿದ್ದು. ಹಿರಿಯಾಕೆ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲೀತನಕ ಖಂಡಿತ ಹೋಗ್ತೀರಲ್ವಾ?"

"ಖಂಡಿತ" ಎಂದೆ ನಾನು. ಆ ಮಾತು ಆಡಬಾರದಿತ್ತು.

ಹೊರಟ ದಿನ ಹದಿಮೂರು ಜನ. ಇವರಿಬ್ಬರು, ಒಂದು ಜೋಡಿ ಗಂಡಹೆಂಡತಿ, ಟೀಚರ್ ಕೆಲಸದ ಅಕ್ಕತಂಗಿ, ಇನ್ನು ಬೇರೆ ಬೇರೆ ಕಡೆಯಿಂದ ಒಟ್ಟಾಗಿ ಬಂದಿದ್ದ ಏಳು ಜನ ಹುಡುಗ ಹುಡುಗಿಯರು. ಏಳೂವರೆಗೆ ವ್ಯಾನು ಕಾಡಿನ ಗೇಟಿನ ಹತ್ತಿರ ನಿಂತಿತು. ನಾನು ಸೀಟಿ ಊದಿ ಸಾಲು ಮಾಡಿಸಿದೆ. ಈ ಸೀಟಿಯಿಂದಾಗಿ ಎಲ್ಲರೂ ನನ್ನನ್ನು ಸೀಟಿಯಕ್ಕ ಎನ್ನುತ್ತಾರೆ. ಓರಗಿತ್ತಿಯರನ್ನು ನನ್ನ ಬೆನ್ನ ಹಿಂದೆಯೇ ನಿಲ್ಲಿಸಿಕೊಂಡೆ. ತಮ್ಮ ಎಂದಿನಂತೆ ಕೊನೆಯಲ್ಲಿ, ಅವನ ಕೊರಳಲ್ಲೂ ಒಂದು ಸೀಟಿ. ಅವನಿಗೂ ಐವತ್ತಾಗಿದೆ, ಆದರೆ ಆಡಿನ ಕಾಲು.

ಕಾಲು ಗಂಟೆ ಹೋಗಿರಲಿಲ್ಲ, ಹಿಂದಿನಿಂದ ಒಬ್ಬ ಹುಡುಗ ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಇದು ನಡೆಯೋದಾ, ತೆವಳೋದಾ?" ಯಾರೋ ಕಿಸಕ್ಕೆಂದರು.

ಹಿರಿಯಾಕೆ ನಿಂತುಬಿಟ್ಟರು. "ಅಮ್ಮಾ, ನಮ್ಮನ್ನ ಹಿಂದೆ ಹಾಕಿಬಿಡಿ."

"ಬೇಡಮ್ಮ, ಇದು ನಮ್ಮ ಪದ್ಧತಿ. ಅವರಿಗೆ ಅವಸರ ಇದ್ರೆ ಮನೇಲಿ ಇಟ್ಟುಕೊಳ್ಳಲಿ."

"ಮದುವಣಗಿತ್ತಿ ಥರ ಎಲ್ಲರ ಮುಂದೆ ನಡೀಬೇಕಾ ನಾನು? ನನ್ನ ಕಾಲು ಗಟ್ಟಿ ಇದೆ. ಹಿಂದೆ ನೆಮ್ಮದಿಯಾಗಿ ಬರ್ತೀವಿ. ನಿಮ್ಮ ತಮ್ಮ ಇದ್ದಾರಲ್ಲ."

ಅವರ ಮುಖದಲ್ಲಿ ಅವಮಾನವಿತ್ತು. ಈ ಒಂದು ದಿನಕ್ಕಾಗಿ ನಲವತ್ತೇಳು ವರ್ಷ ಕಾದವರಿಗೆ ದಾರಿಯುದ್ದಕ್ಕೂ ಬೆನ್ನಿಗೆ ಮಾತು ಚುಚ್ಚುವುದು ಬೇಡ ಅನ್ನಿಸಿತು. ಬಿಟ್ಟೆ. ಮೂವತ್ತು ವರ್ಷದ ಕಸುಬಿನಲ್ಲಿ ಕರುಣೆಯಿಂದ ನಿಯಮ ಮುರಿದದ್ದು ಅದೊಂದೇ ಸಲ.

ಜಲಪಾತ ತಲುಪಿದಾಗ ಹತ್ತೂಕಾಲು. ತಲೆ ಎಣಿಸಿದೆ. ಹನ್ನೊಂದು. ಹುಡುಗರು ಆಗಲೇ ನೀರಿಗಿಳಿದಿದ್ದರು. ಅದೇನು ಸಣ್ಣ ನೀರಲ್ಲ. ಹತ್ತಿರ ನಿಂತರೆ ಪಕ್ಕದವರ ಮಾತು ಕೇಳದು, ಬಟ್ಟೆ ಹತ್ತು ನಿಮಿಷದಲ್ಲಿ ತೊಪ್ಪೆ. ಎಲ್ಲರೂ ನಗುತ್ತಿದ್ದರು. ನಾನು ದಾರಿಯ ಕಡೆಗೇ ಮುಖ ಮಾಡಿ ನಿಂತಿದ್ದೆ. ಹತ್ತೂಮುಕ್ಕಾಲಾಯಿತು. ಹನ್ನೊಂದೂಕಾಲಾಯಿತು. ಹನ್ನೊಂದೂವರೆಗೆ ಮರಗಳ ನಡುವೆ ತಮ್ಮ ಕಾಣಿಸಿದ. ಕಿರಿಯಾಕೆಯ ತೋಳು ಅವನ ಹೆಗಲ ಮೇಲಿತ್ತು.

ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. ಬೆಳಿಗ್ಗೆಯೇ ನೋವಿತ್ತಂತೆ, ಬಟ್ಟೆ ಬಿಗಿದು ಕಟ್ಟಿಕೊಂಡೇ ಮನೆಯಿಂದ ಹೊರಟಿದ್ದರು.

"ನೀನ್ಯಾಕೋ ಸೀಟಿ ಹೊಡೀಲಿಲ್ಲ?" ತಮ್ಮನನ್ನು ಕೇಳಿದೆ.

"ಆಣೆ ಹಾಕಿಸಿಕೊಂಡ್ರು ಅಕ್ಕ. ಹೇಳಿದ್ರೆ ನೀನು ವಾಪಸ್ ಕಳಿಸ್ತೀಯ, ಆಗ ಅವರಕ್ಕನೂ ಮುಂದೆ ಬರಲ್ಲ ಅಂತ. ಕೂತು ಎದ್ದು ಬಂದ್ವಿ."

ಮುಂದೆ ನಡೆದಿದ್ದರೆ ಹತ್ತೇ ನಿಮಿಷದಲ್ಲಿ ಆ ಕುಂಟು ನನ್ನ ಕಣ್ಣಿಗೆ ಬೀಳುತ್ತಿತ್ತು. ಕಿರಿಯಾಕೆಯನ್ನು ವ್ಯಾನಿನಲ್ಲಿ ಕೂರಿಸಿ ಮುಂದೆ ಹೋಗುತ್ತಿದ್ದೆವು.

ಕಿರಿಯಾಕೆ ಬಂಡೆಯ ಮೇಲೆ ಕುಳಿತು ಅಳುತ್ತಿದ್ದರು. "ನಾನು ನಿನ್ನ ಜೊತೆಗೆ ಅಂತ ಬಂದೆ ಕಣಕ್ಕ. ಅಲ್ಲಿ ನೀನು ಒಬ್ಬಳೇ ನಿಂತ್ಕೋಬಾರ್ದು ಅಂತ."

"ಗೊತ್ತು ಬಿಡು. ಮೂಗು ಒರೆಸಿಕೋ" ಎಂದರು ಹಿರಿಯಾಕೆ.

ಕಿರಿಯಾಕೆಯನ್ನು ತಮ್ಮನ ಜೊತೆ ಅಲ್ಲೇ ಬಿಟ್ಟು ಹೊರಟೆವು. ಈಗ ಹಿರಿಯಾಕೆ ಮುಂದೆ, ನನ್ನ ಪಕ್ಕದಲ್ಲೇ. ಬೆಳಿಗ್ಗೆ ಮಾತಾಡಿದ್ದ ಹುಡುಗನಿಗೆ ಅಷ್ಟು ಹೊತ್ತಿಗೆ ಮಗುವಿನ ವಿಷಯ ಗೊತ್ತಾಗಿತ್ತು. ಅವರ ಚೀಲ ತಾನೇ ಹೊತ್ತುಕೊಂಡು ತಲೆ ತಗ್ಗಿಸಿ ನಡೆಯುತ್ತಿದ್ದ. ಅವರು ನಿಜಕ್ಕೂ ಚೆನ್ನಾಗಿ ಏರಿದರು, ಒಂದೇ ಒಂದು ಸಲ ಕೂರಲಿಲ್ಲ. ಆದರೂ ಅರವತ್ತಾರು ವರ್ಷದ ಕಾಲು. ಜಲಪಾತದಿಂದ ಪಾಳು ಊರಿಗೆ ಗಟ್ಟಿಯಾಗಿ ಏರುವವರಿಗೇ ಒಂದೂಮುಕ್ಕಾಲು ಗಂಟೆಯ ದಾರಿ.

ಕೊನೆಯ ದಿಣ್ಣೆ ಹತ್ತಿದಾಗ ಎದುರಿಗೆ ಕಾಣಿಸಿತು. ನಡುವೆ ಒಂದು ಕಮರಿ, ಆಚೆ ಬದಿಯಲ್ಲಿ ಕಮಾನು, ಮುರಿದ ಕಂಬಗಳು, ಬಿಸಿಲಿಗೆ ಬಿಳುಚಿಕೊಂಡ ಉದ್ದನೆಯ ಗೋಡೆ. ಸುತ್ತಿಕೊಂಡು ಹೋಗಲು ಇಪ್ಪತ್ತೈದು ನಿಮಿಷ. ಗಡಿಯಾರ ನೋಡಿದೆ. ಒಂದು ಇಪ್ಪತ್ತೊಂಬತ್ತು. ಬೆಟ್ಟದ ನೆತ್ತಿಯ ಮೇಲೆ ಕಪ್ಪು ಮೋಡ ಕುಳಿತಿತ್ತು.

ಸೀಟಿ ಬಾಯಿಗಿಟ್ಟೆ. ಊದಲಾಗಲಿಲ್ಲ. ಬಾಯಲ್ಲೇ ಹೇಳಿದೆ, "ಇಲ್ಲಿಂದ ವಾಪಸ್."

"ಸೀಟಿಯಕ್ಕ, ಇಲ್ಲೇ ಇದೆಯಲ್ಲ!" ಎಂದ ಚೀಲ ಹೊತ್ತವನು. "ನಾವು ಬೇಡ, ಇಲ್ಲೇ ಕೂತಿರ್ತೀವಿ. ಇವರನ್ನ ಕರ್ಕೊಂಡು ಹೋಗಿ ಬನ್ನಿ. ಅರ್ಧ ಗಂಟೇಲಿ ಏನು ಮುಳುಗಿ ಹೋಗತ್ತೆ?"

"ಹೋಗೋಕೆ ಅರ್ಧ, ಬರೋಕೆ ಅರ್ಧ, ಅಲ್ಲಿ ಅರ್ಧ. ಇಳಿಯುವಾಗ ಇವರ ಕಾಲು ಇನ್ನೂ ನಿಧಾನ. ಕೆಳಗೆ ಇನ್ನೊಬ್ಬರನ್ನ ಎತ್ತಿಕೊಂಡೇ ಹೋಗಬೇಕು. ಹಳ್ಳ ದಾಟಿಸೋನು ನೀನಾ?"

ಟೀಚರಕ್ಕ ನನ್ನ ಕೈ ಹಿಡಿದುಕೊಂಡರು. "ದಯವಿಟ್ಟು" ಎಂದರು. ಏಳು ಜನ ಹುಡುಗರಲ್ಲಿ ಇಬ್ಬರ ಕಣ್ಣು ತುಂಬಿತ್ತು. ಬೇಡಿಕೊಳ್ಳದೆ ಉಳಿದವರು ಹಿರಿಯಾಕೆ ಒಬ್ಬರೇ. ಅವರು ಕೈಯನ್ನು ಹಣೆಗೆ ಅಡ್ಡ ಹಿಡಿದು ಆಚೆ ನೋಡುತ್ತಿದ್ದರು. ಅಲ್ಲಿಂದಲೂ ಕಾಣುವುದು ಗೋಡೆಯ ಮುಂಭಾಗ ಮಾತ್ರ.

"ಗಂಟೆ ಆಯ್ತಲ್ವಾ. ನಡೀರಿ" ಎಂದರು ಅವರೇ.

ಇಳಿಯುವಾಗ ನನಗೊಬ್ಬಳಿಗೇ ಕೇಳುವಂತೆ ಹೇಳಿದರು. "ಗೋಡೆ ಬುಡದಲ್ಲಿ ನೀರು ಹೋಗೋಕೆ ಒಂದು ತೂತು ಇದೆ. ಅದರ ನೇರಕ್ಕೆ ಏಳು ಹೆಜ್ಜೆ. ಚಪ್ಪಡಿ ಕಲ್ಲು. ಹೆಸರು ಕೆತ್ತೋಕೆ ನಮಗೆ ಅಕ್ಷರ ಬರ್ತಿರಲಿಲ್ಲ. ಮಗೂದು ಒಂದು ಕಬ್ಬಿಣದ ಬಳೆ ಇತ್ತು. ಅದನ್ನ ಕಲ್ಲಿನ ಮೇಲಿಟ್ಟು ಸುತ್ತ ಇದ್ದಿಲಲ್ಲಿ ಗೆರೆ ಎಳೆದೆ. ಅದರ ಮೇಲೆ ಅವರು ಉಳಿ ಹೊಡೆದ್ರು."

"ಮುಂದಿನ ವಾರ ನಿಮ್ಮೊಬ್ಬರನ್ನೇ ಕರ್ಕೊಂಡು ಬರ್ತೀನಿ. ಹಿಂದಿನ ದಿನವೇ ಬಂದು ಗೇಟಿನ ಹತ್ತಿರ ಉಳಿಯೋಣ. ಬೆಳಗಾಗ್ತಿದ್ದ ಹಾಗೆ ಹೊರಟುಬಿಡೋಣ. ಒಂದು ಕಾಸು ಕೊಡಬೇಡಿ."

"ಆಗಲಿ" ಎಂದರು. ನಂಬಿದವರ ಹಾಗೆ ಹೇಳಲಿಲ್ಲ, ನನ್ನನ್ನು ಸಮಾಧಾನ ಮಾಡುವವರ ಹಾಗೆ ಹೇಳಿದರು.

ಹಳ್ಳಕ್ಕೆ ಬಂದಾಗ ನೀರು ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ ಇತ್ತು. ಕಪ್ಪು ಮೋಡ ಒಂದು ಹನಿಯನ್ನೂ ಉದುರಿಸದೆ ಎತ್ತಲೋ ಹೊರಟುಹೋಗಿತ್ತು. ಒಬ್ಬೊಬ್ಬರಾಗಿ ದಾಟಿದರು. ಯಾರಾದರೂ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕನೇ ದಿನ ಮಳೆಗಾಲ ಹಿಡಿಯಿತು, ಎರಡು ವಾರ ಮುಂಚೆಯೇ. ಕಾಡಿನ ಗೇಟಿಗೆ ಬೀಗ ಬಿತ್ತು. ಮಳೆಗಾಲ ಮುಗಿಯುವ ತನಕ ಯಾರನ್ನೂ ಬಿಡುವುದಿಲ್ಲ. ಗೇಟಿನವನ ಕಾಲು ಹಿಡಿಯುವುದೊಂದು ಬಾಕಿ. ಅವನೂ ತನ್ನ ನಿಯಮ ಹೇಳಿದ.

ಗೇಟು ತೆಗೆದ ದಿನವೇ ಫೋನು ಮಾಡಿದೆ. ಎತ್ತಿದವರು ಕಿರಿಯಾಕೆ.

"ಅಕ್ಕ ಹೋಗಿ ಆರು ವಾರ ಆಯ್ತಮ್ಮ. ಅಡುಗೆಮನೇಲಿ ನಿಂತಿದ್ದವಳು ಹಾಗೇ ಕೂತಳು."

ಅವರ ಮನೆಗೆ ಹೋದೆ. ಎರಡು ಕೋಣೆ. ಒಂದು ಮಂಚದ ಮೇಲಿನ ಹಾಸಿಗೆ ಮಡಿಸಿಟ್ಟಿತ್ತು. ಕಿರಿಯಾಕೆ ಕೋಲೂರಿಕೊಂಡು ಹೋಗಿ ಪೌಡರ್ ಡಬ್ಬಿಯೊಂದನ್ನು ತಂದು ಅಲ್ಲಾಡಿಸಿದರು. ಒಳಗಿನಿಂದ ಬಳೆ ಬಿತ್ತು.

"ಅವತ್ತು ಇದು ಅವಳ ಚೀಲದಲ್ಲೇ ಇತ್ತು. ನಂಗೂ ಗೊತ್ತಿರಲಿಲ್ಲ. ಅಲ್ಲಿ ಇಡಬೇಕು ಅಂತ ತಗೊಂಡು ಹೋಗಿದ್ದಳು." ಆಮೇಲೆ ಅವರೇ ಅಂದರು, "ನನ್ನ ಮೊಣಕಾಲಿಗೆ ಬೆಂಕಿ ಬೀಳ."

"ನಿಮ್ಮ ಮೊಣಕಾಲಲ್ಲ ಅಮ್ಮ. ನಿಮ್ಮನ್ನ ಹಿಂದೆ ಹಾಕಿದ್ದು ನಾನು" ಎಂದೆ. ಅವರು ಬಳೆಯನ್ನು ನನ್ನ ಕೈಗಿಟ್ಟರು.

ನಾನೂ ತಮ್ಮನೂ ಹೋದೆವು, ನಾವಿಬ್ಬರೇ. ಹನ್ನೊಂದೂವರೆಗೆ ತಲುಪಿದೆವು. ಹಿಂದಿನ ಗೋಡೆಯ ಮುಳ್ಳು ಕಡಿಯಲು ಒಂದು ಗಂಟೆ ಹಿಡಿಯಿತು. ತೂತು ಸಿಕ್ಕಿತು. ಅದರ ನೇರಕ್ಕೆ ಏಳು ಹೆಜ್ಜೆ ಹಾಕಿ ಅಗೆದೆ. ಬರೀ ಮಣ್ಣು. ತಮ್ಮ ಏಳು ಹೆಜ್ಜೆ ಹಾಕಿದ, ಇನ್ನೂ ಆಚೆ ಹೋದ. ಅಲ್ಲಿಯೂ ಇಲ್ಲ. ಅವನು ಗಡಿಯಾರ ನೋಡತೊಡಗಿದ.

ಆಗ ಹೊಳೆಯಿತು. ಹತ್ತೊಂಬತ್ತು ವರ್ಷದ ಹುಡುಗಿ, ಕೈಯಲ್ಲಿ ಮಗುವನ್ನು ಎತ್ತಿಕೊಂಡು, ಇಳಿಸಲು ಮನಸ್ಸಿಲ್ಲದೆ ಇಟ್ಟ ಹೆಜ್ಜೆಗಳು ಎಷ್ಟುದ್ದ ಇದ್ದಾವು? ವಾಪಸ್ ಗೋಡೆಗೆ ಬಂದು, ಹಾಗೆಯೇ ನಡೆದೆ. ಆ ಏಳು ಹೆಜ್ಜೆ ನನ್ನ ಮಾಮೂಲಿ ನಾಲ್ಕು ಹೆಜ್ಜೆಯಷ್ಟೂ ಆಗಲಿಲ್ಲ, ಅಲ್ಲಿ ಅಗೆದಾಗ ಕುಡುಗೋಲು ಕಲ್ಲಿಗೆ ತಾಗಿತು.

ಕೈಯಿಂದ ಮಣ್ಣು ಸರಿಸಿದೆವು. ಗುಂಡನೆಯ ಗೆರೆ, ಇಷ್ಟೇ ಇಷ್ಟು. ನನ್ನ ಮೂರು ಬೆರಳು ಹಿಡಿಸುವಷ್ಟು. ಬಳೆ ಇಟ್ಟೆ. ಅಷ್ಟು ವರ್ಷ ಡಬ್ಬಿಯಲ್ಲಿ ಬಿದ್ದು ಅದು ಒಂದು ಕಡೆ ಸೊಟ್ಟಗಾಗಿತ್ತು, ಗೆರೆಗೆ ಪೂರ್ತಿ ಕೂರಲಿಲ್ಲ. ಮೇಲೆ ಒಂದು ಕಲ್ಲು ಇಟ್ಟು ಮುಚ್ಚಿದೆವು. ಒಂದೂವರೆಗೆ ಹಿಂದಕ್ಕೆ ತಿರುಗಿದೆವು.

ಈಗ ಯಾರು ಎಷ್ಟು ನಾಚಿಕೊಂಡರೂ ನಿಧಾನದವರು ಮುಂದೆಯೇ. ಹೊರಡುವ ಮೊದಲು ಎಲ್ಲರ ಮೊಣಕಾಲನ್ನೂ ನಾನೇ ಮುಟ್ಟಿ ನೋಡುತ್ತೇನೆ. ಕೆಲವರು ನಗುತ್ತಾರೆ. ಅಂದು ಹದಿಮೂರು ಜನರನ್ನು ಕರೆದುಕೊಂಡು ಹೋದೆ, ಹದಿಮೂರು ಜನರನ್ನೂ ಮನೆ ಮುಟ್ಟಿಸಿದೆ. ಒಬ್ಬರಿಗೆ ಇಪ್ಪತ್ತೈದು ನಿಮಿಷದ ದಾರಿ ನನ್ನಿಂದ ತಪ್ಪಿಹೋಯಿತು, ಅದನ್ನು ಅವರಿಗೆ ಹಿಂದಕ್ಕೆ ಕೊಡಲಾಗಲಿಲ್ಲ.