ಸೊಟ್ಟ ಹಿಮ್ಮಡಿ

ದೊಡ್ಡಬೆಳವಂಗಲದ ಸುತ್ತ ಮೂಳೆಗೆ ಕಟ್ಟು ಹಾಕುವವನು ಬೈಲಪ್ಪ ಒಬ್ಬನೇ. ಹಾಗಾಗಿ ಎರಡು ವರ್ಷದ ಹಿಂದೆ ಹುಣಸೆ ಮರದಿಂದ ಬಿದ್ದು ಹಿಮ್ಮಡಿ ಮುರಿದುಕೊಂಡಾಗ ತನ್ನ ಕಾಲಿಗೆ ತಾನೇ ಕಟ್ಟು ಹಾಕಿಕೊಂಡ. ಮೊಟ್ಟೆಯ ಬಿಳಿ, ಸೊಪ್ಪಿನ ರಸ, ನಾಲ್ಕು ಬಿದಿರಿನ ದಬ್ಬೆ. ಎಕ್ಸ್‌ರೇ ತೆಗೆಸೋಣ ಎಂದ ಹೆಂಡತಿ ಲಕ್ಕಮ್ಮನಿಗೆ, "ನನ್ ಬೆರಳಿಗೆ ಕಾಣದ್ದು ಅದಕ್ಕೆ ಕಾಣ್ತದಾ?" ಎಂದಿದ್ದ. ಬೆರಳಿಗೆ ಏನು ಕಂಡಿತೋ, ಮೂಳೆ ಸೊಟ್ಟಗೆ ಕೂಡಿತು.

ಈಗ ಭಾನುವಾರ ಕಟ್ಟು ಹಾಕಿಸಿಕೊಳ್ಳಲು ಜನ ಬರುವ ಮೊದಲೇ ಮಹಾನುಭಾವ ಜಗಲಿಯಲ್ಲಿ ಆಸೀನ. ಕೊನೆಯವರು ಹೋಗುವ ತನಕ ಉಚ್ಚೆಗೂ ಏಳುವುದಿಲ್ಲ. ಎದ್ದರೆ ಕುಂಟುವುದು ಕಾಣುತ್ತದಲ್ಲ. ಲಕ್ಕಮ್ಮನಿಗೆ ಅವನ ಕಾಲಿಗಿಂತ ಆ ಕೂರುವ ಗತ್ತು ನೋಡಿದರೆ ಮೈ ಉರಿಯುತ್ತಿತ್ತು.

ಕೊನೆಗೆ ನೋವೇ ಅವನನ್ನು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಎಳೆಯಿತು.

"ಹಿಮ್ಮಡಿ ಮೂಳೆ ಮೇಲಿನ ಕೀಲು ಸವೆದೋಗಿದೆ. ಎರಡೂ ಮೂಳೆ ಸೇರಿಸಿ ಸ್ಕ್ರೂ ಹಾಕಿ ಒಂದೇ ಮಾಡ್ಬೇಕು," ಎಂದರು ಡಾಕ್ಟರು. "ಪಾದ ಅಕ್ಕಪಕ್ಕ ವಾಲಲ್ಲ, ಆದ್ರೆ ನೋವು ಕಮ್ಮಿಯಾಗುತ್ತೆ. ಯಾರಪ್ಪ ಆಗ ಕಟ್ಟು ಹಾಕಿದ್ದು?"

"ಯಾವನೋ ಆಂಧ್ರದ ಕಡೆಯೋನು ಸಾ."

"ಅಂಥೋನ ಕೈಗೆ ದನದ ಕಾಲೂ ಕೊಡಬಾರದು."

"ದಿಟ ಸಾ. ಬುದ್ಧಿ ಇರ್ಲಿಲ್ಲ," ಎಂದ ಬೈಲಪ್ಪ. ಲಕ್ಕಮ್ಮ ಗೋಡೆ ನೋಡಿದಳು.

ಆಪರೇಷನ್ ಆಯಿತು. ಮೂರು ತಿಂಗಳು ಕಾಲು ಊರುವಂತಿಲ್ಲ. ಕೇಳಿದವರಿಗೆ ಧರ್ಮಸ್ಥಳಕ್ಕೆ ಹೋಗವ್ರೆ ಅನ್ನು ಎಂದು ಹೆಂಡತಿಗೆ ಅಪ್ಪಣೆಯೂ ಆಯಿತು.

ಮನೆಗೆ ಬಂದ ಮೊದಲ ಭಾನುವಾರವೇ ಡೈರಿ ಮೆಟ್ಟಿಲಲ್ಲಿ ಜಾರಿದ ಅಮ್ಮಯಮ್ಮ ಬಂದಳು. ಧರ್ಮಸ್ಥಳದ ಮಾತು ಕೇಳಿ ಜಗಲಿಯಲ್ಲೇ ಕುಸಿದಳು. ಹಿಮ್ಮಡಿ ಊದಿ ಕುಂಬಳಕಾಯಿಯಾಗಿತ್ತು. ಅವಳ ನರಳಾಟ ಕೇಳಿ ಒಳಗಿದ್ದವನಿಗೆ ತಡೆಯಲಾಗಲಿಲ್ಲ.

"ಲೇ, ನನ್ ಕಾಲಿಗೆ ಕಂಬಳಿ ಹೊದಿಸಿ ಅವ್ಳನ್ನ ಒಳಕ್ಕೆ ಕರಿ. ದಬ್ಬೆ ತಾ. ಕುಂತಲ್ಲೇ ಕಟ್ತೀನಿ," ಎಂದು ಪಿಸುಗುಟ್ಟಿದ.

ಆ ಊದಿದ ಕಾಲು ಎರಡು ವರ್ಷದ ಮೇಲೆ ಹೇಗಿರುತ್ತದೆಂದು ಲಕ್ಕಮ್ಮನಿಗಿಂತ ಬಲ್ಲವರು ಯಾರಿದ್ದರು? ದಬ್ಬೆ ತಂದಳು, ಅಮ್ಮಯಮ್ಮನನ್ನೂ ಕರೆದಳು. ಕಂಬಳಿ ಮಾತ್ರ ಹೊದಿಸಲಿಲ್ಲ.

"ಧರ್ಮಸ್ಥಳದ ಪ್ರಸಾದ ಕಣಕ್ಕ. ಇವ್ರೇ ಹಾಕ್ಕೊಂಡ ಕಟ್ಟು ಸರಿ ಮಾಡೋಕೆ ದೊಡ್ಡಬಳ್ಳಾಪುರದ ಡಾಕ್ಟ್ರು ಎರಡು ಸ್ಕ್ರೂ ಹಾಕವ್ರೆ."

ಬೈಲಪ್ಪ ಕಂಬಳಿಗೆ ಕೈ ಚಾಚಿದ, ಎಟುಕಲಿಲ್ಲ. ಅಮ್ಮಯಮ್ಮ ಬಗ್ಗಿ, ಅವನ ಕಾಲಿನ ಪ್ಲಾಸ್ಟರ್ ಪಟ್ಟಿಯನ್ನು ಬೆರಳ ಗೆಣ್ಣಿನಿಂದ ಟಕಟಕ ತಟ್ಟಿದಳು.

"ಗಟ್ಟಿ ಐತೆ," ಎಂದಳು. "ನಂಗೂ ಇಂಥದ್ದೇ ಬೇಕು. ಬಸ್ ಎಷ್ಟೊತ್ತಿಗೆ?"

"ಹತ್ತೂವರೆಗೆ," ಎಂದಳು ಲಕ್ಕಮ್ಮ. ಅವಳನ್ನು ಆಟೋ ಹತ್ತಿಸಿ ಬಸ್ ಸ್ಟ್ಯಾಂಡಿಗೆ ಕಳಿಸಿ ಬಂದು, ದಬ್ಬೆಗಳನ್ನು ಎತ್ತಿಕೊಂಡು ಹಂಡೆ ಒಲೆಗೆ ತುರುಕಿದಳು.

"ನೀರು ಕಾದ ಮೇಲೆ ಕರೀತೀನಿ," ಎಂದಳು. "ಅಲ್ಲೀಗಂಟ ಕುಂತಿರಿ. ಕೂರೋದು ಚೆನ್ನಾಗಿ ರೂಢಿ ಐತಲ್ಲ."