ಎರಡು ಕಂಪನಿಯ ಪೆಟ್ಟಿಗೆಗಳು

ನಮ್ಮ ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳನ್ನು ಕಾಯುವುದು ನನ್ನ ಕೆಲಸ. ನಾಲ್ಕೂವರೆ ವರ್ಷದ ಹಿಂದೆ ಎರಡು ಸ್ಟೋರೇಜ್ ಪೆಟ್ಟಿಗೆ ತರಿಸುವಾಗ, ಎರಡೂ ಒಂದೇ ಕಂಪನಿಯದು ಬೇಡ ಎಂದು ಹಟ ಹಿಡಿದವಳು ನಾನೇ. ಒಂದು ದೊಡ್ಡ ಕಂಪನಿಯದು, ಇನ್ನೊಂದು ಚಿಕ್ಕ ಕಂಪನಿಯದು, ಎರಡರಲ್ಲೂ ಅವೇ ಚಿತ್ರಗಳು. ಒಂದು ಕೈಕೊಟ್ಟರೆ ಇನ್ನೊಂದಿದೆಯಲ್ಲ ಎಂದು ಇಲ್ಲದ ಮೀಸೆ ತಿರುವಿದ್ದೆ.

ಆಮೇಲೆ ದೊಡ್ಡ ಕಂಪನಿಯನ್ನು ಇನ್ನೂ ದೊಡ್ಡದೊಂದು ನುಂಗಿತು. ಅದನ್ನು ಮತ್ತೊಂದು ಕೊಂಡಿತು. ಪ್ರತಿ ಸಲವೂ "ನಿಮಗೇನೂ ವ್ಯತ್ಯಾಸವಾಗದು" ಎಂಬ ಪತ್ರ ಬಂತು. ಆಗಲೇ ಅನುಮಾನ ಬರಬೇಕಿತ್ತು.

ಮೊನ್ನೆ ಮಧ್ಯಾಹ್ನ ಮೂರಕ್ಕೆ, ಆ ಕಂಪನಿ ಬಿಟ್ಟ ಹಳೇ ಎಂಜಿನಿಯರ್ ಫೋನ್ ಮಾಡಿದ. ನಾವೆಲ್ಲ ಅವನನ್ನು ತಿರುಪು ಎಂದೇ ಕರೆಯುತ್ತಿದ್ದೆವು.

"ಅಕ್ಕಾ, ಪೆಟ್ಟಿಗೆ ಎಷ್ಟು ಗಂಟೆ ಓಡಿದೆ ನೋಡಿ. ಆ ಡಿಸ್ಕುಗಳಲ್ಲಿ ಒಂದು ದೋಷ ಇದೆ. ನಲವತ್ತು ಸಾವಿರ ಗಂಟೆ ಆದ್ರೆ ಎಲ್ಲಾ ಒಟ್ಟಿಗೆ ಸಾಯ್ತವೆ. ಏನೂ ವಾಪಸ್ ಸಿಗಲ್ಲ."

"ಕಂಪನಿಯವ್ರು ಹೇಳ್ಲೇ ಇಲ್ವಲ್ಲೋ!"

"ಕೈ ಬದಲಾಗೋವಾಗ ಗಿರಾಕಿಗಳ ಪಟ್ಟೀನೇ ಕಳ್ಕೊಂಡಿದಾರೆ."

ಹತ್ತೊಂಬತ್ತು ಗಂಟೆ ಉಳಿದಿತ್ತು. ಇನ್ನೊಂದಿದೆಯಲ್ಲ ಎಂದು ಚಿಕ್ಕ ಕಂಪನಿಯ ಪೆಟ್ಟಿಗೆಯ ಡಿಸ್ಕುಗಳ ವಿವರ ತೆಗೆದೆ. ಅದೇ ಕಾರ್ಖಾನೆ, ಅದೇ ಮಾದರಿ. ಸ್ವಿಚ್ ಹಾಕಿದ್ದೂ ಅದೇ ದಿನ, ಇಪ್ಪತ್ತು ನಿಮಿಷ ತಡವಾಗಿ. ಹೊರಗಿನ ಹೆಸರು ನೋಡಿ ಆರಿಸಿದ್ದೆ, ಒಳಗೆ ಇಣುಕಿಯೇ ಇರಲಿಲ್ಲ.

ಎರಡು ಲಕ್ಷ ಜನರ ಚಿತ್ರಗಳು. ಎಲ್ಲವನ್ನೂ ಬೇರೆಡೆ ನಕಲಿಸಲು ವಾರ ಬೇಕು. ಹೇಳಲು ನಾಚಿಕೆ, ಮೊದಲು ನನ್ನ ಚಿಕ್ಕಮ್ಮನ ಚಿತ್ರಗಳನ್ನಷ್ಟೇ ಪೆನ್ ಡ್ರೈವಿಗೆ ಹಾಕಿಕೊಂಡೆ. ಉಳಿದವರೂ ಯಾರಿಗೋ ಚಿಕ್ಕಮ್ಮಂದಿರೇ ಎಂದು ಹೊಳೆದಾಗ ಫೋನ್ ಕೈಗೆತ್ತಿಕೊಂಡೆ.

ದೊಡ್ಡ ಕಂಪನಿಯ ಹೊಸ ಒಡೆಯರು ಕರಾರಿನ ಸಂಖ್ಯೆ ಕೇಳಿದರು. ಹೇಳಿದೆ. ಅಂಥದ್ದಿಲ್ಲ, ಮೂರು ದಿನದಲ್ಲಿ ಉತ್ತರಿಸುತ್ತೇವೆ ಎಂದರು. ಚಿಕ್ಕ ಕಂಪನಿಯಲ್ಲಿ ಫೋನ್ ಎತ್ತಿದ ಹೆಂಗಸು ನನ್ನ ಧ್ವನಿಯಲ್ಲೇ ಗಾಬರಿ ಗುರುತಿಸಿ, ದೋಷ ತಿದ್ದುವ ಪ್ರೋಗ್ರಾಮನ್ನು ಅರ್ಧ ಗಂಟೆಯಲ್ಲಿ ಕಳಿಸಿದಳು. ಸಂಜೆಯೊಳಗೆ ಅವರ ಪೆಟ್ಟಿಗೆಗೆ ಹಾಕಿ ಮುಗಿಸಿದೆ. ಒಂದು ಕಂಪನಿಯ ಔಷಧಿಯನ್ನು ಇನ್ನೊಂದರ ಪೆಟ್ಟಿಗೆ ಕುಡಿಯುವುದಿಲ್ಲವಲ್ಲ, ದೊಡ್ಡದು ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ದೊಡ್ಡ ಕಂಪನಿಯ ಪೆಟ್ಟಿಗೆಯ ದೀಪಗಳೆಲ್ಲ ಕೆಂಪಾದವು. ನಮ್ಮ ಸೂಪರಿಂಟೆಂಡೆಂಟ್ ಓಡಿಬಂದರು. ಕೈಲಾದದ್ದು ಮಾಡೋಣವೆಂದು ಬಂದಿದ್ದ ತಿರುಪು ಹಣೆ ಚಚ್ಚಿಕೊಂಡ.

"ಅಕ್ಕಾ, ಇದನ್ನ ಆಫ್ ಮಾಡಿಟ್ಟಿದ್ರೆ ಗಂಟೇನೇ ಓಡ್ತಿರ್ಲಿಲ್ಲ!"

"ಅಯ್ಯೋ ಪುಣ್ಯಾತ್ಮ, ನಿನ್ನೆ ಹೇಳ್ಬಾರ್ದಿತ್ತಾ?"

"ಈಗ ಹೊಳೀತು."

ಇನ್ನಿಪ್ಪತ್ತು ನಿಮಿಷ ಮೂವರೂ ಚಿಕ್ಕ ಕಂಪನಿಯ ಪೆಟ್ಟಿಗೆಯ ಮುಂದೆ ನಿಂತೆವು. ಅದಕ್ಕೂ ನಲವತ್ತು ಸಾವಿರ ಗಂಟೆ ತುಂಬಿತು. ಹಸಿರು ದೀಪ ಹಸಿರಾಗಿಯೇ ಉಳಿಯಿತು. ಸಿಕ್ಕಿದ್ದೊಂದು ಚಿತ್ರ ತೆರೆದೆ. ಯಾರದೋ ಮೊಣಕಾಲು, ಸ್ಪಷ್ಟವಾಗಿ ತೆರೆದುಕೊಂಡಿತು. ಜೀವ ಬಂದಂತಾಗಿ ಅಲ್ಲೇ ಕುಸಿದು ಕೂತು ಅತ್ತೆ.

"ಸತ್ತದ್ದರ ಜಾಗಕ್ಕೆ ಯಾವ ಕಂಪನೀದು ತರ್ಸೋಣಮ್ಮಾ?" ಸೂಪರಿಂಟೆಂಡೆಂಟ್ ಮೆಲ್ಲಗೆ ಕೇಳಿದರು.

"ಒಳಗಿರೋ ಡಿಸ್ಕ್ ಯಾವ್ದು ಅಂತ ಮೊದ್ಲು ಬಿಚ್ಚಿ ತೋರಿಸೋರ್ದು ಸರ್," ಎಂದೆ. "ಆದ್ರೆ ಈ ಮೊಣಕಾಲನ್ನ ಇನ್ನೊಂದು ನಿಮಿಷ ನೋಡ್ಕೋತೀನಿ, ತಡೀರಿ."